ಗಂಡಿನ ಮನೆಯ ಉಣ್ಣಿ

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುವ ಕ್ರಮವಿದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ, ಮೊಬೈಲಿನಲ್ಲಿ ಮಾತಾಡಿ ಮಾತಾಡಿ ಮಾತೇ ಮುಗಿದಿದ್ದರೂ, ಹೆಣ್ಣಿನ ಕಡೆಯ ಹಿರಿಯರು ಒಂದು ದಿನ ಹೋಗಿ ಆ ಮನೆಯ ಬಾವಿಗೆ ಇಣುಕಿ, ಅಡುಗೆಮನೆಯಲ್ಲಿ ಕಣ್ಣಾಡಿಸಿ, ಊಟ ಮಾಡಿ ಬರಬೇಕು. ಬಂದ ಮೇಲೆ 'ಅಡ್ಡಿಲ್ಲೆ' ಎನ್ನಬೇಕು. ಕುಂದಾಪುರದ ಕಡೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಹುಟ್ಟುವುದಿಲ್ಲ. ಅದು ಬರುವವರೆಗೆ ಹಾಲ್ ಬುಕ್ ಮಾಡುವ ಹಾಗಿಲ್ಲ. ನನ್ನ ಅಕ್ಕನ ಮಗಳ ಮದುವೆಯಲ್ಲಿ ಆ ಮಾತು ಹೇಳಬೇಕಾದವನು ನಾನು. ಭಾವ ತೀರಿಹೋಗಿ ಎಷ್ಟೋ ವರ್ಷಗಳಾದವು, ಅಪ್ಪನ ಜಾಗದಲ್ಲಿ ಸೋದರಮಾವನೇ ನಿಲ್ಲಬೇಕು.

ನಾನು ಕುಂದಾಪುರದಲ್ಲಿ ಹಳೆಯ ಗಾಡಿ ಮಾರಿಸುವ ದಲ್ಲಾಳಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯಲ್ಲಿ ಓಡಾಡುವ ಸ್ಕೂಟರು, ರಿಕ್ಷಾ, ವ್ಯಾನುಗಳಲ್ಲಿ ಎಷ್ಟೋ ನನ್ನ ಕೈ ದಾಟಿ ಹೋದವು. ಪೇಂಟಿನ ಅಡಿಯ ತುಕ್ಕು, ಹಿಂದಕ್ಕೆ ತಿರುಗಿಸಿಟ್ಟ ಮೀಟರು, ನೆರೆ ನೀರು ಕುಡಿದ ಇಂಜಿನು, ಯಾವುದೂ ನನ್ನ ಕಣ್ಣು ತಪ್ಪಿಸಿಕೊಂಡದ್ದಿಲ್ಲ. ಇದರಿಂದ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿದೆ. ಚಂದ ಕಂಡದ್ದನ್ನೆಲ್ಲ ಮೊದಲು ಬಗ್ಗಿ ಅಡಿಯಿಂದ ನೋಡುತ್ತೇನೆ.

ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಬೈಂದೂರಿನ ಸೊಸೈಟಿಯೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿಗೆ ಸಿಸಿ ಕ್ಯಾಮೆರಾ ಜೋಡಿಸಲು ಬಂದವನು ಈ ಹುಡುಗ. ಬ್ರಹ್ಮಾವರದಲ್ಲಿ ಸ್ವಂತ ಅಂಗಡಿ, ಕುಡಿತವಿಲ್ಲ, ಜಾತಕವೂ ಕೂಡಿತ್ತು. ನನ್ನ ತಕರಾರು ಒಂದೇ, ಅವನು ಮಾತಾಡುವುದಿಲ್ಲ. ಕೇಳಿದರೆ 'ಹೌದು', ಕೇಳದಿದ್ದರೆ ಅದೂ ಇಲ್ಲ. ಸದ್ದು ಮಾಡದ ಇಂಜಿನನ್ನು ನಾನು ಯಾವತ್ತೂ ನಂಬಿದವನಲ್ಲ. ಇದನ್ನು ಮನೆಯೊಳಗೆ ಹೇಳಿ ಬಿಟ್ಟಿದ್ದರೆ ಆಗುತ್ತಿತ್ತು. ಹೆಮ್ಮಾಡಿಯ ಚಿಕ್ಕಮ್ಮನ ಜಗಲಿಯಲ್ಲಿ ಹೇಳಿದೆ, ಕುಂಭಾಶಿಯಲ್ಲಿ ದೊಡ್ಡಪ್ಪನ ಮಗನ ಅಂಗಡಿಯಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ನೆಂಟರಿಗೂ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ಸಮಯ ನೋಡಿ ವಾಪಸು ಬಂತು.

ಹುಡುಗನ ಮನೆ ಬ್ರಹ್ಮಾವರದಿಂದ ಸ್ವಲ್ಪ ಒಳಗೆ. ಗೇಟು ತೆಗೆದದ್ದೇ ತಡ ನಾಯಿಗಳು ಬಂದವು. ಕುಂಟುವುದು, ಒಂದು ಕಿವಿ ಇಲ್ಲದ್ದು, ಮುದಿಯಾಗಿ ಬೊಗಳಲು ಬೇಸರಪಡುವುದು, ಎಲ್ಲ ನಮೂನೆಯವೂ ಇದ್ದವು. ಹುಡುಗನ ಅಪ್ಪ ಮುಂಬೈಯಲ್ಲಿ ಬಹಳ ಕಾಲ ಕ್ಯಾಂಟೀನು ನಡೆಸಿ ಊರಿಗೆ ಬಂದವರು. ಅಲ್ಲಿ ಜನಕ್ಕೆ ಬಡಿಸಿ ಅಭ್ಯಾಸವಾದ ಕೈ ಇಲ್ಲಿ ಸುಮ್ಮನಿರಲಾರದೆ ಹೆದ್ದಾರಿ ಬದಿಯ ನಾಯಿಗಳನ್ನೆಲ್ಲ ಕರೆತಂದು ಅನ್ನ ಹಾಕುತ್ತಿತ್ತು.

"ಅರೆ, ಹೆದ್ರ್‌ಬೇಡಿ ಭಾವ, ಅವು ಎಂತ ಮಾಡುದಿಲ್ಲೆ. ಬಿಂದಾಸ್ ಕೂಕಣಿ," ಎಂದು ಅವರು ಜಗಲಿಯ ಬೆತ್ತದ ಆರಾಮಕುರ್ಚಿ ತೋರಿಸಿದರು. ಅದರಲ್ಲಿ ಕಂದು ಬಣ್ಣದ ನಾಯಿಯೊಂದು ಮಲಗಿತ್ತು. 'ಚಲ್' ಎಂದದ್ದಕ್ಕೆ ಅದು ಎದ್ದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಳಿದು ಹೋಯಿತು. ಹೆಣ್ಣಿನ ಕಡೆಯವನೆಂಬ ಮರ್ಯಾದೆಗೆ ಜಾಗ ಬಿಟ್ಟುಕೊಟ್ಟಿತೆಂದು ನಾನು ತಿಳಿದೆ.

ನಾನು ಕೆಲಸಕ್ಕೆ ಇಳಿದೆ. ಬಾವಿಗೆ ಇಣುಕಿದೆ, ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಬಚ್ಚಲಿನ ಚಿಲಕ ಎಳೆದು ನೋಡಿದೆ, ಗಟ್ಟಿಯಿತ್ತು. ಬಾಗಿಲ ದಾರಂದವನ್ನು ಬೆರಳಿನಿಂದ ಕುಟ್ಟಿದೆ, ಗೆದ್ದಲಿನ ಟೊಳ್ಳು ಸದ್ದು ಬರಲಿಲ್ಲ. ಹುಡುಗನ ಅಮ್ಮ ಮಾಡಿದ ಕೋಳಿಸಾರಿನಲ್ಲಿ ಉಪ್ಪು, ಖಾರ, ಹುಳಿ ಎಲ್ಲ ಎಷ್ಟು ಬೇಕೋ ಅಷ್ಟೇ. ಇಷ್ಟೊಂದು ಸರಿಯಾಗಿರುವ ಮನೆ ಕಂಡು ನನಗೆ ಸಿಟ್ಟೇ ಬಂತು. ಉಂಡ ಮೇಲೆ ಅದೇ ಆರಾಮಕುರ್ಚಿಯಲ್ಲಿ ಒರಗಿ ಗೊರಕೆ ಹೊಡೆದೆ. ಹುಡುಕಲು ಹೋದ ನನಗೆ ಹುಳುಕು ಸಿಗಲಿಲ್ಲ. ಆದರೆ ಆ ಕುರ್ಚಿಯಲ್ಲಿದ್ದ ಇನ್ಯಾರಿಗೋ ನಾನು ಸಿಕ್ಕಿದ್ದೆ.

ಮನೆಗೆ ಬಂದು, "ಯೋಚ್ನಿ ಮಾಡಿ ಹೇಳ್ತೆ" ಎಂದು ಅಕ್ಕನಿಗೆ ಹೇಳಿ ನಾಲ್ಕೈದು ದಿನ ತಳ್ಳಿದೆ. ಬೇಗ ಒಪ್ಪಿದರೆ ಗಿರಾಕಿಗೆ ಸಂಶಯ ಬರುತ್ತದೆ ಎನ್ನುವುದು ನನ್ನ ದಂಧೆಯ ಪಾಠ. ಅಷ್ಟರಲ್ಲಿ ಒಂದು ಸಂಜೆ ನನ್ನ ಹೆಂಡತಿ ಕರೆದಳು.

"ಹ್ವಾಯ್, ಇಲ್ಲಿ ಬೆಳ್ಕಿಗ್ ಬನಿ ಕಾಂಬ. ನಿಮ್ ಕೆಮಿ ಹಿಂದೆ ಎಂತ ಅದ್?"

"ನರೋಲಿ ಆಯ್ಕ್," ಎಂದೆ. ಕೆಲವು ದಿನದಿಂದ ಎಡಗಿವಿಯ ಹಿಂದೆ ತುರಿಸುತ್ತಿತ್ತು, ನರಹುಲಿ ಎದ್ದಿರಬೇಕೆಂದು ಬಿಟ್ಟಿದ್ದೆ.

"ನರೋಲಿಗ್ ಕಾಲ್ ಇರತ್ತಾ ಮಾರ್ರೆ?"

ಹುಬ್ಬು ಕೀಳುವ ಚಿಮಟದಿಂದ ಅವಳು ಅದನ್ನು ಕಿತ್ತು, ಪೇಪರಿನ ಚೂರಿನ ಮೇಲಿಟ್ಟು ದೀಪದ ಕೆಳಗೆ ಹಿಡಿದಳು. ಹರಳು ಬೀಜದ ಹಾಗೆ ಉಬ್ಬಿಕೊಂಡ ಉಣ್ಣಿ. ನಮ್ಮ ಮನೆಯಲ್ಲಿ ನಾಯಿಯಿಲ್ಲ, ದನವಿಲ್ಲ, ಬೆಕ್ಕು ಕೂಡ ಪಕ್ಕದ ಮನೆಯದು. ಇದರ ಊರು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ನನಗೆ ನೋವಿಗಿಂತ ಹೆಚ್ಚಾಗಿ ಖುಷಿಯಾಯಿತು. ಕೊನೆಗೂ ಪೇಂಟಿನ ಅಡಿಯ ತುಕ್ಕು ಸಿಕ್ಕಿತ್ತು. ಅಕ್ಕನಿಗೆ ಫೋನು ಮಾಡಿ, "ಬಾವಿ ನೀರೆಲ್ಲ ಸಮಾ ಇತ್ತ್, ಆದ್ರೆ ಕುರ್ಚಿ ಒಳ್ಗೆ..." ಎಂದು ಶುರುಮಾಡುವ ವಾಕ್ಯವನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ಆಗಲೇ ಅಂಗಳದಲ್ಲಿ ಸ್ಕೂಟರು ನಿಂತಿತು. ಅಕ್ಕನ ಮಗಳು ಬೈಂದೂರಿನಿಂದ ಕೆಲಸ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದಳು. ಕೂರಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತು ಕೇಳಿದಳು.

"ಮಾವ, ಎಲ್ಲ ಕಾಯ್ತಿದ್ರ್. ಎಂತ ಹೇಳ್ತ್ರಿ?"

ಸಣ್ಣವಳಿದ್ದಾಗಿಂದ ನನ್ನೊಡನೆ ಪ್ರತಿಯೊಂದಕ್ಕೂ ವಾದ ಮಾಡಿದವಳು. ಮೀಸೆಗೆ ಬಣ್ಣ ಹಚ್ಚಬೇಡಿ ಎಂದು ಯಾರದೋ ಮದುವೆಮನೆಯಲ್ಲಿ ಎಲ್ಲರೆದುರು ನನಗೆ ಹೇಳಿದವಳು. ಅವಳು ಈಗ ಹೆಲ್ಮೆಟ್ಟಿನ ಗಾಜನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ, ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಅವಳಿಗೆ ನನ್ನ ಉತ್ತರದ ಹೆದರಿಕೆಯಿತ್ತು. ಆ ಹೆದರಿಕೆ ನೋಡಿ ನನಗೆ ಬಹಳ ಕಷ್ಟವಾಯಿತು. ಇಷ್ಟು ದಿನ ನನ್ನ ಒಂದು ಮಾತಿಗೆ ಎಷ್ಟು ಬೆಲೆ ಎಂದು ಉಬ್ಬಿಕೊಂಡಿದ್ದೆ. ಅದು ಇವಳ ಮುಖದ ಮೇಲೆ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

"ಅಡ್ಡಿಲ್ಲೆ," ಎಂದೆ.

"ಸತ್ಯವಾ?"

"ಬಾವಿ ನೀರ್ ಲಾಯ್ಕಿತ್ತ್."

ಅವಳು ನಕ್ಕು, ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು, ಅತ್ತೆ ಎಲ್ಲಿ ಎಂದು ಒಳಗೆ ಓಡಿದಳು. ಅವಳ ಅತ್ತೆ, ಅಂದರೆ ನನ್ನ ಹೆಂಡತಿ, ಆಗಲೇ ಪೇಪರಿನ ಚೂರನ್ನು ಉಣ್ಣಿ ಸಮೇತ ಮಡಚಿ ಬಚ್ಚಲೊಲೆಗೆ ಹಾಕಿದ್ದಳು. ನೂರು ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎನ್ನುತ್ತಾರೆ. ನಾವು ಒಂದು ನಿಜವನ್ನು ಒಲೆಗೆ ಹಾಕಿ ಮದುವೆ ನಿಶ್ಚಯ ಮಾಡಿದೆವು.

ಸುಟ್ಟ ಉಣ್ಣಿ ಸುಮ್ಮನಿರಲಿಲ್ಲ. ಒಂದು ವಾರ ಕಳೆದು ಜ್ವರ ಬಂತು, ತಲೆ ಎರಡು ಹೋಳಾಗುವಂಥ ನೋವು, ಅಂಗೈ ಅಂಗಾಲಿನಲ್ಲೆಲ್ಲ ಕೆಂಪು ಚುಕ್ಕೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಟ್ಟ ಜ್ವರದ ಮಾತ್ರೆ ನುಂಗಿಕೊಂಡು, ಇವತ್ತು ಬಿಡುತ್ತದೆ ನಾಳೆ ಬಿಡುತ್ತದೆ ಎಂದು ಮಲಗಿದ್ದೆ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನಾನು ಉಗುಳುವ ಮುಂಚೆಯೇ ನೀರು ಎಡಬದಿಯಿಂದ ತಾನಾಗಿ ಅಂಗಿಯ ಮೇಲೆ ಇಳಿಯಿತು. ಕನ್ನಡಿ ನೋಡಿದೆ. ಮುಖದ ಬಲಭಾಗಕ್ಕೆ ಗಾಬರಿಯಾಗಿತ್ತು, ಎಡಭಾಗಕ್ಕೆ ಏನೂ ಅನ್ನಿಸಿದಂತಿರಲಿಲ್ಲ.

"ಬೆಳಗಾತ ಎದ್ದ್ ಎಂತ ನಾಟ್ಕ ನಿಮ್ದ್?" ಎಂದು ಹೆಂಡತಿ ನಕ್ಕಳು. ನಾನು ಅವಳ ಕಡೆಗೆ ಹೋಗಲು ಹೊರಟು ಬಾಗಿಲ ದಾರಂದಕ್ಕೆ ಢಿಕ್ಕಿ ಹೊಡೆದೆ. ಆಮೇಲೆ ಅಡುಗೆಮನೆಯ ಫ್ರಿಜ್ಜಿನ ಎದುರು ನಿಂತು, ಇದರ ಆರ್.ಸಿ. ಬುಕ್ ಎಲ್ಲಿ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಎಂದು ಕೇಳಿದೆನಂತೆ. ನನಗೆ ನೆನಪಿಲ್ಲ. ಅವಳ ನಗು ಅಲ್ಲಿಗೆ ನಿಂತಿತು. ಅಕ್ಕ ಓಡಿಬಂದು 'ವಾಯು' ಎಂದಳು, ಆನೆಗುಡ್ಡೆಯ ಗಣಪತಿಗೆ ಹರಕೆ ಹೊತ್ತಳು. ಎಲ್ಲರೂ ಸೇರಿ ನನ್ನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ನರದ ಡಾಕ್ಟರು ಮೈಸೂರು ಕಡೆಯ ಸಣ್ಣ ಪ್ರಾಯದ ಹೆಂಗಸು. "ಹುಬ್ಬೇರಿಸಿ ಸರ್. ಕಣ್ಣು ಗಟ್ಟಿಯಾಗಿ ಮುಚ್ಚಿ. ಕೆನ್ನೆ ಉಬ್ಬಿಸಿ. ಹಲ್ಲು ತೋರಿಸಿ. ಸೀಟಿ ಹೊಡೀರಿ," ಎಂದರು. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್ ಎಂದು ಒಂದೊಂದೇ ಒತ್ತಿ ನೋಡುವುದು ಜೀವಮಾನವಿಡೀ ನಾನು ಮಾಡಿದ ಕೆಲಸ. ಹಳೇ ಗಾಡಿಯಾಗಿ ನಿಂತದ್ದು ಅದೇ ಮೊದಲು. ಎಡಗಡೆಯದು ಒಂದೂ ಕೆಲಸ ಮಾಡಲಿಲ್ಲ, ಹಾರ್ನ್ ಅಂತೂ ಬರೀ ಗಾಳಿ.

"ಮನೇಲಿ ನಾಯಿ, ದನ ಇದ್ಯಾ?"

"ಇಲ್ಲ."

"ಈಚೆಗೆ ಉಣ್ಣಿ ಏನಾದ್ರೂ ಕಚ್ಚಿತ್ತಾ?"

ಮಂಚದ ಒಂದು ಬದಿಯಲ್ಲಿ ಅಕ್ಕ, ಇನ್ನೊಂದು ಬದಿಯಲ್ಲಿ ಅವಳ ಮಗಳು. ಅಕ್ಕ ಹಲ್ಲಿ ಲೊಚಗುಟ್ಟಿದರೆ ಪ್ರಯಾಣ ಮುಂದೂಡುವವಳು. ಗಂಡಿನ ಮನೆ ನೋಡಲು ಹೋದ ದಿನವೇ ಮಾವನಿಗೆ ಅಲ್ಲಿಯ ನಾಯಿಯ ಉಣ್ಣಿ ಕಚ್ಚಿ ಬಾಯಿ ಸೊಟ್ಟಗಾಯಿತು ಎಂದರೆ ಅವಳಿಗೆ ಬೇರೆ ಶಕುನ ಬೇಕಾಗಿರಲಿಲ್ಲ. ಮದುವೆ ಅಲ್ಲೇ ಮುಗಿಯುತ್ತಿತ್ತು. ನೆಂಟರಿಷ್ಟರೂ ಬಿಡುತ್ತಿರಲಿಲ್ಲ, ಮೊದಲೇ ಮನಸ್ಸಿಲ್ಲದವನು ಕೊನೆಗೊಂದು ನೆಪ ಹುಡುಕಿದ ಎನ್ನುತ್ತಿದ್ದರು.

"ಇಲ್ಲ," ಎಂದೆ.

ಕಾಲ ಬುಡದಲ್ಲಿ ನಿಂತಿದ್ದ ಹೆಂಡತಿ ಕೆಮ್ಮಿದಳು. ಸುಮ್ಮನಿರು ಎಂದು ಕಣ್ಣು ಮಿಟುಕಿಸಿದೆ. ಎಡಗಣ್ಣು ಮುಚ್ಚುವುದನ್ನೇ ಬಿಟ್ಟಿದ್ದರಿಂದ, ನಾನು ರೆಪ್ಪೆ ಬಡಿದಾಗಲೆಲ್ಲ ಯಾರಿಗೋ ಕಣ್ಣು ಹೊಡೆದಂತೆ ಕಾಣುತ್ತಿತ್ತು. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಸುಧಾರಿಸಿಕೊಂಡು ನನ್ನ ಕಿವಿ ಮಡಚಿ ನೋಡಿದರು.

"ಇಲ್ಲೇನಿದು, ಕಪ್ಪು ಹಕ್ಕಳೆ?"

"ಕನ್ನಡಕದ ಕಡ್ಡಿ ತಾಗಿದ್ದು."

ಅವರು ನನ್ನನ್ನೇ ನೋಡಿದರು. "ಮಿದುಳಿನ ಪೊರೆಗೆ ಬಾವು ಬಂದಿರೋ ಹಾಗಿದೆ ಸರ್. ಎಲ್ಲಿಂದ ಶುರುವಾಯ್ತು ಅಂತ ಗೊತ್ತಾದ್ರೆ ಸರಿಯಾದ ಔಷಧಿ ಈಗಲೇ ಕೊಡಬಹುದು. ತಡವಾದ್ರೆ ಕಿವಿ ಹೋಗಬಹುದು, ಎಚ್ಚರ ತಪ್ಪಬಹುದು. ಆಮೇಲೆ ನಮ್ಮ ಕೈಯಲ್ಲಿರೋದಿಲ್ಲ."

ಅಕ್ಕ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಈಗ ನನಗೂ ಹೆದರಿಕೆಯಾಯಿತು. ಮದುವೆ ಉಳಿಸಲು ಹೋಗಿ ಮದುವೆಗೆ ನಾನೇ ಇಲ್ಲದಂತಾದರೆ ಏನು ಚಂದ. "ಅಕ್ಕ, ನಂಗೊಂದ್ ಎಳ್ನೀರ್ ಬೇಕಿತ್ತ್," ಎಂದೆ. ತಾಯಿ ಮಗಳು ಇಬ್ಬರೂ ಎಳನೀರಿಗೆ ಓಡಿದರು. ಬಾಗಿಲು ಮುಚ್ಚಿದ ಮೇಲೆ ನಾನು ಡಾಕ್ಟರನ್ನು ಹತ್ತಿರ ಕರೆದೆ.

"ಒಂದು ಉಣ್ಣಿಯ ವಿಷಯ ಹೇಳುವುದಿತ್ತು. ಆದರೆ ಅದು ಒಂದು ಮದುವೆಗೆ ಸಂಬಂಧಪಟ್ಟದ್ದು."

ಕುರ್ಚಿ, ನಾಯಿ, ಚಿಮಟ, ಬಚ್ಚಲೊಲೆ ಎಲ್ಲ ಹೇಳಿದೆ. ಅವರು ತುಟಿ ಕಚ್ಚಿಕೊಂಡು ಕೇಳಿ, "ಉಣ್ಣಿ ಕಚ್ಚಿದೆ ಅಂತ ಮಾತ್ರ ಬರೀತೀನಿ ಸರ್. ಯಾರ ಮನೆ ಉಣ್ಣಿ ಅಂತ ಬರೆಯೋಕೆ ಫೈಲಲ್ಲಿ ಜಾಗ ಇಲ್ಲ," ಎಂದರು.

ಅಂದೇ ಔಷಧಿ ಶುರುವಾಯಿತು. ಡಾಕ್ಸಿಸೈಕ್ಲಿನ್ ಎಂದು ಅದರ ಹೆಸರು, ಅರ್ಧ ಸೈಕಲ್ಲು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಿ, ಸಂಶಯ ಸರಿಯೆಂದರು. ಉಣ್ಣಿಯ ಬಾಯಿಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು, ಅಲ್ಲಿಂದ ಮಿದುಳಿನ ಪೊರೆಯವರೆಗೂ ಬಾವು ತಂದಿತ್ತು. ಮುಖ ಆಡಿಸುವ ನರ ಕಿವಿಯ ಹಿಂದಿನ ಎಲುಬಿನಲ್ಲಿ ಬಹಳ ಕಿರಿದಾದ ದಾರಿಯಲ್ಲಿ ಹೊರಗೆ ಬರುತ್ತದಂತೆ. ನರ ಊದಿಕೊಂಡಿತೋ, ಘಾಟಿಯಲ್ಲಿ ಲಾರಿ ಸಿಕ್ಕಿಹಾಕಿಕೊಂಡ ಹಾಗೆ, ಹಿಂದೆಯೂ ಇಲ್ಲ ಮುಂದೆಯೂ ಇಲ್ಲ. ಜ್ವರ ಬೇಗ ಬಿಟ್ಟಿತು, ಫ್ರಿಜ್ಜು ಮತ್ತೆ ಫ್ರಿಜ್ಜಾಗಿ ಕಂಡಿತು, ನಡೆಯುವಾಗ ಗೋಡೆ ಅಡ್ಡ ಬರುವುದು ನಿಂತಿತು. ಮುಖ ಮಾತ್ರ ಹಾಗೆಯೇ ಉಳಿಯಿತು. ನರಕ್ಕೆ ಅವಸರವಿಲ್ಲ, ವಾರಗಳು, ಕೆಲವೊಮ್ಮೆ ತಿಂಗಳುಗಳೂ ಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಮುಚ್ಚದ ಎಡಗಣ್ಣಿನಿಂದ ಸದಾ ನೀರು ಇಳಿಯುತ್ತಿತ್ತು. ಮಲಗುವಾಗ ಅದಕ್ಕೆ ಮದ್ದು ಬಿಟ್ಟು ರೆಪ್ಪೆ ಎಳೆದು ಪ್ಲಾಸ್ಟರು ಅಂಟಿಸಬೇಕು. ಎಡಗಿವಿಗೆ ಹೆಂಡತಿಯ ಮಿಕ್ಸಿ ವಿಮಾನದಂತೆ ಕೇಳುತ್ತಿತ್ತು. ಮನೆಯವರಿಗೆಲ್ಲ 'ನರದ ಬಾವು' ಎಂದಷ್ಟೇ ಹೇಳಿದೆವು.

ಅಕ್ಕನ ಮಗಳು ದಿನಾ ಬೆಳಿಗ್ಗೆ ಬೈಂದೂರಿಗೆ ಹೊರಡುವ ಮುಂಚೆ ಬಂದು ನನ್ನನ್ನು ಕನ್ನಡಿ ಎದುರು ಕೂರಿಸಿ ವ್ಯಾಯಾಮ ಮಾಡಿಸುತ್ತಿದ್ದಳು. "ಕೆನ್ನಿ ಉಬ್ಸಿ ಮಾವ. ಈಗ ನಗಾಡಿ," ಎನ್ನುವುದು, ಏಳದ ಎಡತುಟಿಯನ್ನು ತನ್ನ ಬೆರಳಿನಿಂದ ಮೇಲೆತ್ತಿ ಹಿಡಿಯುವುದು, ಕೊನೆಗೆ ಎಡಗಣ್ಣಿನ ನೀರನ್ನು ಕರವಸ್ತ್ರದಿಂದ ಒತ್ತಿ ಒರೆಸಿ ಸ್ಕೂಟರು ಹತ್ತುವುದು. ಹುಡುಗನೂ ಒಮ್ಮೆ ನೋಡಲು ಬಂದ. ಬಂದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅವನು ನೋಡಲಿಲ್ಲ. ಕೂತ, ಚಹಾ ಕುಡಿದ, ಹೋಗುವಾಗ ಕಿಸೆಯಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿದರೆ ಪಾನೀಯ ಹೀರುವ ಸ್ಟ್ರಾಗಳು. ಇಡೀ ಊರು ನನಗೆ ಸಲಹೆ ಕೊಟ್ಟಿತ್ತು, ಚಹಾ ಅಂಗಿಗೆ ಚೆಲ್ಲದಂತೆ ಕುಡಿಯಲು ದಾರಿ ಕೊಟ್ಟವನು ಮಾತೇ ಆಡದವನು. ಆ ದಿನದಿಂದ ನನಗೆ ಅವನ ಮೇಲೆ ನಿಜವಾಗಿ ಮನಸ್ಸಾಯಿತು.

ಆದರೆ ಇದನ್ನು ಬೇರೆಯವರಿಗೆ ನಂಬಿಸುವ ಮುಖ ನನ್ನಲ್ಲಿರಲಿಲ್ಲ. ಮದುವೆಯ ಹೇಳಿಕೆ ಶುರುವಾಯಿತು. ನಮ್ಮಲ್ಲಿ ಹೇಳಿಕೆಯೆಂದರೆ ಕಾಗದ ಕಳಿಸುವುದಲ್ಲ. ಹಿರಿಯರು ಮನೆ ಮನೆಗೆ ಹೋಗಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು, ಬಾಯ್ತುಂಬ ಕರೆಯಬೇಕು. ಮೊಬೈಲಿನಲ್ಲಿ ಕಳಿಸಿದರೆ ಹೆಬ್ಬೆರಳು ಬರುತ್ತದೆ, ಜನ ಬರುವುದಿಲ್ಲ. ಅಕ್ಕನೂ ನಾನೂ ಗುರುತಿನ ರಿಕ್ಷಾ ಹತ್ತಿ ಹೊರಟೆವು.

ಮೊದಲು ಹೆಮ್ಮಾಡಿಯ ಚಿಕ್ಕಮ್ಮ. ಬೆಲ್ಲ ನೀರು ಕೊಟ್ಟರು. ಕುಡಿದದ್ದರಲ್ಲಿ ಅರ್ಧ ಗಲ್ಲದ ಮೇಲೆ ಇಳಿಯಿತು, ಎಡಗಣ್ಣಿನಿಂದ ಅದರ ಪಾಡಿಗೆ ನೀರು ಸುರಿಯುತ್ತಿತ್ತು. "ಎಲ್ಲ ಬರ್ಕ್ ಚಿಕ್ಕಮ್ಮ. ನಂಗ್ ಭಾರಿ ಖುಷಿ ಇತ್ತ್," ಎಂದೆ. ಖುಷಿ ಎನ್ನುವಾಗ ಬಲತುಟಿ ಮಾತ್ರ ಮೇಲೇರಿ, ಯಾರನ್ನೋ ಹೀಯಾಳಿಸಿದಂತಾಯಿತು. ಚಿಕ್ಕಮ್ಮ ನನ್ನ ಕೈ ಹಿಡಿದರು.

"ಮಗಾ, ನಂಗ್ ಗೊತ್ತಾಯ್ತ್. ನೀನ್ ಹೇಳುದ್ ಬೇಡ."

"ಇದ್ ನರ ಚಿಕ್ಕಮ್ಮ."

"ಹೌದ್ ಮಗಾ, ನರವೇ. ಬೇಜಾರಾದ್ರೆ ಮೊದ್ಲ್ ಹೋಪುದೇ ನರ."

ಕುಂಭಾಶಿಯಲ್ಲಿ ದೊಡ್ಡಪ್ಪನ ಮಗನ ಮನೆ, ನನಗೆ ಅವನು ಅಣ್ಣ. ಹೆಮ್ಮಾಡಿಯಲ್ಲಿ ಆದದ್ದು ಆಗಬಾರದೆಂದು ಕಿಸೆಯಿಂದ ಸ್ಟ್ರಾ ತೆಗೆದು ಲೋಟಕ್ಕೆ ಹಾಕಿದೆ. ಅತ್ತಿಗೆಯ ಮುಖ ಕಪ್ಪಿಟ್ಟಿತು, ಅವರ ಲೋಟಕ್ಕೆ ಬಾಯಿ ತಾಗಿಸಲೂ ನನಗೆ ಮನಸ್ಸಿಲ್ಲವೆಂದಾಯಿತು. ಅಣ್ಣ ಮಾತ್ರ ನನ್ನನ್ನು ಮೂಲೆಗೆ ಕರೆದು, ನನ್ನ ಪರವಾಗಿ ಹಲ್ಲು ಕಡಿದ.

"ಗಂಡ್ ನಿಂಗ್ ಬೇಡ ಅಂದೇಳಿ ನನ್ ಅಂಗಡಿಯಲ್ಲೇ ಕೂಕಂಡ್ ಹೇಳಿದ್ಯಲ್ಲ. ನಿನ್ ಮೋರೆ ಹೀಂಗಾಪಂಗ್ ಮಾಡಿರ್. ನಿಂಗ್ ಮನ್ಸಿಲ್ದ್ ಮದಿಗ್ ನಾವ್ ಉಂಬುಕ್ ಬಪ್ಪುದಾ? ನಾವ್ ಬತ್ತಿಲ್ಲೆ."

"ನಂಗ್ ಮನ್ಸಿತ್ತ್ ಅಣ್ಣ," ಎಂದೆ. ಇನ್ನಷ್ಟು ನಗಲು ನೋಡಿದೆ. ಅವನ ಕಣ್ಣಲ್ಲಿ ನೀರು ಬಂತು.

ಪ್ರೀತಿಯ ನೆಂಟರಿಗಿಂತ ದೊಡ್ಡ ಅಪಾಯ ಇಲ್ಲ. ನಾನು ನಕ್ಕಷ್ಟೂ ಅವರಿಗೆ ನನ್ನ ದುಃಖ ಗಟ್ಟಿಯಾಯಿತು. ಅಮಾಸೆಬೈಲಿನ ಕಡೆಯವರೂ ಬರುವುದಿಲ್ಲವಂತೆ ಎಂಬ ಸುದ್ದಿ ಬಂತು. ಕೆಲವರು ಮಂಗನ ಕಾಯಿಲೆ ಎಂದೂ ಹಬ್ಬಿಸಿದರು, ಅದು ಬೇರೆಯೇ ಎಂದರೂ ಕೇಳಲಿಲ್ಲ. ನನ್ನನ್ನು ಪಾರು ಮಾಡಬಹುದಾಗಿದ್ದ ಒಂದೇ ಒಂದು ನಿಜವನ್ನು ನಾವೇ ಸುಟ್ಟಾಗಿತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಒಂದು ಬೆಳಿಗ್ಗೆ ಕನ್ನಡಿಯೆದುರು ಅಕ್ಕನ ಮಗಳು ನನ್ನ ತುಟಿ ಎತ್ತಿ ಹಿಡಿದವಳು ಬೆರಳು ತೆಗೆದಳು. ತುಟಿ ಕೆಳಗೆ ಬಿತ್ತು.

"ಮಾವ, ನಂಗೊಂದ್ ಸತ್ಯ ಹೇಳಿ. ನಿಮ್ಗ್ ಮನ್ಸಿಲ್ದಿದ್ರೆ ನಾ ಈ ಮದಿ ನಿಲ್ಸ್ತೆ. ನಿಮ್ ಮೋರೆ ಹೀಂಗಾಪಷ್ಟ್ ಬೇಜಾರ್ ಕೊಟ್ಟ್ ನಂಗ್ ಮದಿ ಬೇಡ."

ಅವಳು ಬೆದರಿಸುತ್ತಿರಲಿಲ್ಲ. ರಾತ್ರಿಯಿಡೀ ಅತ್ತ ಕಣ್ಣು. ಊರವರ ಮಾತು ಅವಳ ತನಕ ಬಂದಿತ್ತು, ಅವಳೂ ನಂಬಿದ್ದಳು. ಹೇಳದಿದ್ದರೆ ಮದುವೆ ನಿಲ್ಲುತ್ತದೆ, ಹೇಳಿದರೂ ನಿಲ್ಲಬಹುದು. ಹೇಳಿಯೇ ನಿಲ್ಲಲಿ ಎಂದು ಹೇಳಿದೆ. ಕುರ್ಚಿಯಿಂದ ಬಚ್ಚಲೊಲೆಯವರೆಗೆ, ಎಳನೀರಿನ ನೆಪವನ್ನೂ ಬಿಡದೆ. ಅವಳು ಮುಖ ಗಂಟಿಕ್ಕಿ ಕೇಳಿದಳು.

"ಉಣ್ಣಿ ಸಿಕ್ಕದ್ದ್ ಯಾವತ್ತ್?"

"ನೀನ್ ಹೆಲ್ಮೆಟ್ ಹಿಡ್ಕಂಡ್ ಬಂದ್ ನಿಂತಿಯಲೆ, ಅವತ್ತೇ."

"ನಾ ಕೇಂಬ ಹೊತ್ತಿಗೆ ಅದ್ ಅಲ್ಲೇ ಇದ್ದಿತಾ?"

"ನನ್ನ್ ಬೆನ್ನ್ ಹಿಂದೆ. ಪೇಪರ್ ಒಳ್ಗೆ."

ಅವಳು ನನ್ನ ಕಿವಿ ಮಡಚಿ ಹಿಂದೆ ನೋಡಿದಳು. ಆಮೇಲೆ ನಗು ಶುರುವಾಯಿತು. ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳುತ್ತಿದ್ದಳು.

"ಅಷ್ಟ್ ದೊಡ್ ಉಣ್ಣಿ ಸಿಕ್ಕಿದ್ರೂ ಅಡ್ಡಿಲ್ಲೆ ಅಂದ್ರಿಯಾ ಮಾವ? ನೀವಾ?"

"ಬಾವಿ ನೀರ್ ಲಾಯ್ಕಿತ್ತಲ್ಲ," ಎಂದೆ.

ಮುಂದಿನ ಹೇಳಿಕೆಯನ್ನು ಅವಳೇ ಕೈಗೆತ್ತಿಕೊಂಡಳು. ಗಂಡಿನ ಮನೆಗೆ ಮೊದಲು ತಿಳಿಸಿದಳು, ನಾಚಿಕೆಯ ವಿಷಯವೆಂದು ಯಾರೂ ಮುಚ್ಚಿಡುವುದು ಬೇಡ, ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು ಎಂದಳು. ಅವಳ ಅಮ್ಮ ಶಕುನ ಎನ್ನಲು ಬಾಯಿ ತೆರೆದಾಗ, "ಹೌದಮ್ಮ, ಒಳ್ಳೆ ಶಕುನ. ಮಾವ ತಪ್ಪ್ ಸಿಕ್ಕಿದ್ರೂ ಬಿಟ್ಟದ್ದ್ ಇದೇ ಮೊದ್ಲ್," ಎಂದಳು. ಅಕ್ಕ ಆನೆಗುಡ್ಡೆಯ ಹರಕೆ ತೀರಿಸಲು ಹೊರಟಳು. ಆಮೇಲೆ ಹೆಮ್ಮಾಡಿಗೂ ಕುಂಭಾಶಿಗೂ ಫೋನು ಮಾಡಿ, ಉಣ್ಣಿಯ ಕತೆಯನ್ನು ಚಿಮಟ ಸಮೇತ ಹೇಳಿದಳು. ಹುಡುಗನ ಅಪ್ಪ ಅದೇ ವಾರ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಮಾಫ್ ಮಾಡಿ ಭಾವ. ಎಲ್ಲ ನಾಯಿಗೂ ಡಾಕ್ಟ್ರನ್ ಕರ್ಸಿ ಮದ್ದ್ ಹಾಕ್ಸಿದೆ. ಆ ಕುರ್ಚಿ ಸುಟ್ಟ್ ಹಾಕ್ದೆ."

"ಕುರ್ಚಿ ಎಂತಕ್ ಸುಟ್ಟ್ರಿ, ಒಳ್ಳೆ ಕುರ್ಚಿ," ಎಂದೆ. ಕಂದು ನಾಯಿ ಅಂದಿನಿಂದ ಕುರ್ಚಿಯಿದ್ದ ಜಾಗದಲ್ಲೇ ನೆಲದ ಮೇಲೆ ಮಲಗುತ್ತದೆ, ಯಾರು ಕರೆದರೂ ತಲೆ ಎತ್ತುವುದಿಲ್ಲ ಎಂದು ಅವರು ಬೇಸರದಿಂದ ಹೇಳಿದರು. ಅದರ ಸಿಟ್ಟು ನನಗೆ ಅರ್ಥವಾಯಿತು.

ಮದುವೆಗೆ ಹೆಮ್ಮಾಡಿಯಿಂದ, ಕುಂಭಾಶಿಯಿಂದ, ಅಮಾಸೆಬೈಲಿನಿಂದ ಎಲ್ಲರೂ ಬಂದರು. ಕೆಲವರು ಮದುವೆಗೆ ಬಂದರೋ ನನ್ನ ಕಿವಿಯ ಹಿಂದೆ ನೋಡಲು ಬಂದರೋ ಹೇಳುವುದು ಕಷ್ಟ. ಅಣ್ಣ ತನ್ನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಕ್ಕಳೆ ಇದ್ದ ಜಾಗ ತೋರಿಸಿದ. ನನ್ನ ಎಡತುಟಿ ಆ ಹೊತ್ತಿಗೆ ಅಲುಗಾಡಲು ಕಲಿತಿತ್ತು, ಎಡಗಣ್ಣು ಇನ್ನೂ ಮೊದಲಿನ ಹಾಗೆಯೇ ಸುರಿಯುತ್ತಿತ್ತು. ಸೋದರಮಾವನಾಗಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ಧಾರೆಯಾಯಿತು, ಊಟವಾಯಿತು. ಪಾಯಸವನ್ನು ಸ್ಟ್ರಾದಲ್ಲಿ ಕುಡಿದೆ, ಯಾರೂ ತಪ್ಪು ತಿಳಿಯಲಿಲ್ಲ.

ಕೊನೆಗೆ ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಅಕ್ಕನೂ ನಾನೂ ಅವಳ ಕೈಯನ್ನು ಗಂಡಿನ ಅಪ್ಪ ಅಮ್ಮನ ಕೈಯಲ್ಲಿಟ್ಟೆವು. ನಮ್ಮ ಕಡೆಯ ಹೆಂಗಸರೆಲ್ಲ ಸೆರಗು ಹಿಡಿದರು. ಯಾರೋ ನನ್ನನ್ನು ನೋಡಿ, ಪಾಪ ಮಾವನೂ ಅಳುತ್ತಿದ್ದಾನೆ ಎಂದಿರಬೇಕು. ಹೆಮ್ಮಾಡಿಯ ಚಿಕ್ಕಮ್ಮ ಇಡೀ ಹಾಲಿಗೆ ಕೇಳುವಂತೆ ಹೇಳಿದರು.

"ಅಂವ ಅಳುದಲ್ಲ ಮಾರ್ರೆ. ಅದ್ ನರದ್ದ್. ಉಣ್ಣಿ ಕಚ್ಚಿದ್ದ್."

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಹುಡುಗಿ ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ನನ್ನ ಕಿಸೆಯಿಂದ ಕರವಸ್ತ್ರ ತೆಗೆದಳು. ದಿನಾ ಬೆಳಿಗ್ಗೆ ಒರೆಸುತ್ತಿದ್ದ ಎಡಗಣ್ಣನ್ನು ಅದರ ಪಾಡಿಗೆ ಬಿಟ್ಟು, ಬಲಗಣ್ಣು ಒರೆಸಿದಳು.